ಲಿಂಟಲ್ ಮೇಲಿನ ಗೋಡೆ ಒಡೆದರೆ ಆಚೆ ಸಾಲಿಗೂ ಬೆಳಕು

ಶಾಲಾ ಕೋಣೆಯ ಒಳಸಾಲಿಗೆ ಬೆಳಕಿಲ್ಲ ಅಂದರೆ ಕಿಟಕಿ ಅಗಲ ಮಾಡಿಸಿ ಸಾಕು ಅಂತ ಮೇಸ್ತ್ರಿಯಿಂದ ಎಂಜಿನಿಯರ್‌ವರೆಗೆ ಎಲ್ಲರದೂ ಒಂದೇ ರಾಗ. ಧಾರವಾಡ ಕಡೆಯ 30×20 ಅಡಿಯ ಶಾಲಾ ಕೋಣೆಯಲ್ಲಿ ಅದನ್ನೂ ಮಾಡಿ ನೋಡಿದ್ದಾಯಿತು. ಕಿಟಕಿ ಪಕ್ಕದ ಮಕ್ಕಳಿಗೆ ಕಣ್ಣು ಕುಕ್ಕಿತು, ವರಾಂಡ ಕಡೆಯ ಸಾಲು ಕತ್ತಲಲ್ಲೇ ಉಳಿಯಿತು. ಲಿಂಟಲ್, ಅಂದರೆ ಕಿಟಕಿ ಮೇಲಿನ ಅಡ್ಡತೊಲೆ, 7 ಅಡಿಗಿದ್ದರೆ ಉಪಯೋಗದ ಬೆಳಕು 14 ಅಡಿಗೇ ಮುಗಿಯಿತು, ಅಗಲ ಎಷ್ಟಾದರೂ ಇರಲಿ.

ತಾರಸಿ ಹತ್ತೂವರೆ ಅಡಿಗಿತ್ತು. ದಕ್ಷಿಣದ ಗೋಡೆಯಲ್ಲಿ ಲಿಂಟಲ್ ಮೇಲೆ 4×2 ಅಡಿಯ ಮೂರು ಕಿಂಡಿ ತೆಗೆಸಿ ಸಾದಾ ಗಾಜು ಕೂರಿಸಿದೆ. ಸ್ಲ್ಯಾಬ್ ಬೀಳುತ್ತದೆ ಅಂದರು. 10 ಅಡಿಗೊಂದು ಬೀಮ್ ಇರುವ ಕೋಣೆ ಅದು. ಬೀಮ್ ಕೂತಲ್ಲಿಂದ ಆಚೀಚೆ 2 ಅಡಿ ಗೋಡೆ ಮುಟ್ಟಿಲ್ಲ, ಕಿಂಡಿ ಮೇಲೆ 6 ಇಂಚಿನ ಆರ್‌ಸಿಸಿ ಇದೆ. ಸ್ಲ್ಯಾಬ್ ಭಾರ ನೇರ ಆ ಗೋಡೆಗೇ ಬರುವಂತಿದ್ದರೆ ಕೈ ಹಾಕಬೇಡಿ.

ದಕ್ಷಿಣದ ಬಿಸಿಲು ಬೆಂಚಿಗೆ ಬೀಳುತ್ತದೆ ಅನ್ನುವುದು ಎರಡನೇ ತಕರಾರು. ಕಿಂಡಿಯ ಕೆಳಗೆ, ಒಳಗಡೆ, ಎಲ್ ಆಕಾರದ ಕಬ್ಬಿಣದ ಆಂಗಲ್ ಮೇಲೆ 2 ಅಡಿ ಅಗಲದ ಸಿಮೆಂಟ್ ಬೋರ್ಡ್ ಹಲಗೆ ಕೂರಿಸಿ ಬಿಳಿ ಬಳಿಸಿದೆ. ಡಿಸೆಂಬರಿನ ಬಿಸಿಲು ಕೂಡ ಹಲಗೆ ದಾಟದೆ ಚಾವಣಿಗೆ ಚಿಮ್ಮುತ್ತದೆ. ಬೆಳಕು ಚಿಮ್ಮಲೆಂದೇ ಹೊರಗಿನ ಸಜ್ಜಾಕ್ಕೆ ಬಳಿಸಿದ ಬಿಳಿ ಸುಣ್ಣ ಒಂದೇ ಮಳೆಗಾಲಕ್ಕೆ ಪಾಚಿಗಟ್ಟಿತು. ಈಗ ಅಲ್ಲಿ ಟೈಲ್ ಅಂಗಡಿಯ ಬಿಳಿ ಚೂರುಗಳು, ಅದೂ ಪುಕ್ಕಟೆ. ಚಾವಣಿ ಮಸಿ ಹಿಡಿದಿದ್ದರೆ ಇಷ್ಟೂ ದಂಡ, ಎರಡು ಕೋಟ್ ಸುಣ್ಣ ಬೇಕೇ ಬೇಕು. ಸುಣ್ಣ ಉದುರದಂತೆ ಬೆರೆಸುವುದೇನು ಅನ್ನುವುದು ನನ್ನ ಹತ್ತಿರವೇ ಇರಲಿ!

ಕೋಣೆಗೆ ಸುಮಾರು 20 ಸಾವಿರ ಹಿಡಿಯಿತು, ಅರ್ಧದಷ್ಟು ಹಲಗೆ ಮತ್ತು ಆಂಗಲ್‌ಗೇ. ಮೋಡವಿಲ್ಲದ ಮಧ್ಯಾಹ್ನ ಆಚೆ ಸಾಲಿನ ಬೆಂಚಿನಲ್ಲಿ 80ರ ಹತ್ತಿರ ಇದ್ದ ಲಕ್ಸ್ (ಬೆಳಕಿನ ಅಳತೆ) 250 ದಾಟಿದೆ, ಮೊಬೈಲ್ ಆ್ಯಪ್ ಲೆಕ್ಕ. ನಗುತ್ತಿದ್ದವರೇ ಈಗ ಅಳತೆ ಕೇಳುತ್ತಾರೆ. ಹಲಗೆ ಮೇಲಿನ ಧೂಳನ್ನು ಎರಡು ತಿಂಗಳಿಗೊಮ್ಮೆ ಒರೆಸದಿದ್ದರೆ ಮಾತ್ರ ಲಕ್ಸ್ ಇಳಿಯುತ್ತದೆ. ಮೊದಲ ಕಿಂಡಿ ಕರಿಹಲಗೆ ಗೋಡೆಯಿಂದ 4 ಅಡಿ ದೂರವಿರಲಿ, ಇಲ್ಲದಿದ್ದರೆ ಕರಿಹಲಗೆ ಹೊಳೆದು ಬರೆದದ್ದು ಕಾಣುವುದಿಲ್ಲ.

ಸ್ಲ್ಯಾಬ್ ಕೊರೆದು ಬೆಳಕು ಹಾಯುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟ್ ಹಾಕುವ ಸಲಹೆ ಬಂದರೆ ಬೇಡವೆನ್ನಿ. ಅಂಚಿನಲ್ಲಿ ಸೋರುತ್ತದೆ, ಮೇಲಾಗಿ ಇಲ್ಲಿ ಆಗಸ್ಟ್ ಎರಡನೇ ವಾರ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಬಿಸಿಲು ನೇರ ಒಳಗೇ ಬೀಳುತ್ತದೆ. ತಗಡಿನ ಅಡುಗೆಕೋಣೆಗೆ ಬ್ರೆಜಿಲ್‌ನ ಆಲ್ಫ್ರೆಡೊ ಮೋಸರ್ ತೋರಿಸಿದ ಉಪಾಯ, ಅಂದರೆ ತಗಡಿಗೆ ತೂತು ಮಾಡಿ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಕೂರಿಸುವುದು, ಚೆನ್ನಾಗಿ ನಡೆಯಿತು. ಪಾಚಿಗಟ್ಟದಂತೆ ನೀರಿಗೆ ಎರಡು ಮುಚ್ಚಳ ಬ್ಲೀಚ್ ಹಾಕಬೇಕು, ತೂತಿನ ಸುತ್ತ ಸೋರದಂತೆ ಹಚ್ಚುವ ಸೀಲೆಂಟ್ ಮಾತ್ರ ವರ್ಷಕ್ಕೊಮ್ಮೆ ಹೊಸದಾಗಿ ಹಚ್ಚಬೇಕು.