ಧಾರವಾಡದ ಚಳಿಯಲ್ಲಿ ರೂಬಾರ್ಬ್: ಬೀಜದಿಂದಲೂ, ಮಲಗಿದ ಬೇರಿನಿಂದಲೂ

ರೂಬಾರ್ಬ್ ಹಿಮ ಬೀಳುವ ಸೀಮೆಯ ಗಿಡ, ಅದರ ಹುಳಿ ದಂಟನ್ನು ಬೇಯಿಸಿ ತಿನ್ನುತ್ತಾರೆ. ಅಲ್ಲಿ ಒಮ್ಮೆ ಹಚ್ಚಿದರೆ ಹತ್ತು ವರ್ಷ ದಂಟು ಕೊಡುತ್ತದೆ. ಚಳಿಗೆ ಎಲೆ ಒಣಗುತ್ತದೆ, ಬೇರುಗಡ್ಡೆ ನೆಲದೊಳಗೆ ಮಲಗುತ್ತದೆ, 5 ಡಿಗ್ರಿ ಆಸುಪಾಸಿನ ತಂಪು ಕೆಲವು ವಾರ ಉಂಡ ಮೇಲೆ ಹೊಸ ಮೊಗ್ಗು ಜೋರಾಗಿ ಏಳುತ್ತದೆ. ಧಾರವಾಡದಲ್ಲಿ ಡಿಸೆಂಬರ್ ರಾತ್ರಿಯೂ ಸಾಮಾನ್ಯವಾಗಿ 13-15 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ, ಏಪ್ರಿಲ್ ಹಗಲು 37ರ ಹತ್ತಿರ ಹೋಗುತ್ತದೆ. ಹೀಗಾಗಿ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಇದನ್ನು ಗಜ್ಜರಿಯ ಹಾಗೆ ಒಂದೇ ಚಳಿಗಾಲದ ಬೆಳೆ ಎಂದು ತಿಳಿದು ಪ್ರತಿ ವರ್ಷ ಬೀಜ ಹಾಕುವುದೇ ಸರಿ. ಬೇರಿನ ದಾರಿಯೂ ಇದೆ, ಆದರೆ ಅದಕ್ಕೆ ಫ್ರಿಜ್ ಬೇಕು.

ಬೀಜ ಹಾಕಲು ಮಘಿ ಮಳೆಯಿಂದ ಹುಬ್ಬಿ ಮಳೆ ಮುಗಿಯುವವರೆಗೆ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಒಳ್ಳೆಯ ಹೊತ್ತು. ಆಗ ಮಣ್ಣು 20-24 ಡಿಗ್ರಿ ಇರುತ್ತದೆ, ಮೊಳಕೆಗೆ ಅಷ್ಟೇ ಸಾಕು. ಬೀಜಕ್ಕೆ ಮೂರು ಅಂಚು, ಪ್ರತಿ ಅಂಚಿಗೂ ಕಂದು ಕಾಗದದಂಥ ತೆಳು ರೆಕ್ಕೆ. ಅದನ್ನು ಕೀಳಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ 2-3 ತಾಸು ನೆನೆಸಿ, 1 ಸೆಂ.ಮೀ. ಆಳಕ್ಕೆ ಊರಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಬರುತ್ತದೆ. ಹಳೆಯ ಬೀಜದ ಮೇಲೆ ಭರವಸೆ ಬೇಡ, ಎರಡು ವರ್ಷ ಡಬ್ಬಿಯಲ್ಲಿ ಕುಳಿತದ್ದು ಬಹಳ ಕಡಿಮೆ ಮೊಳೆಯುತ್ತದೆ.

ಆರು ಗಿಡ ಬೇಕಾದರೆ ಇಪ್ಪತ್ತು ಬೀಜ ಹಾಕಿ. ರೂಬಾರ್ಬ್ ಬೀಜದಿಂದ ತಾಯಿಗಿಡದ ಪಡಿಯಚ್ಚು ಬರುವುದಿಲ್ಲ. ಒಂದೇ ಪಾಕೀಟಿನಲ್ಲಿ ಒಂದು ಸಸಿ ದಪ್ಪ, ಒಂದು ಕಡ್ಡಿ, ಒಂದರ ದಂಟು ಕೆಂಪು, ಇನ್ನೊಂದರದು ಹಸಿರು. ಸುಲಭವಾಗಿ ಸಿಗುವ ವಿಕ್ಟೋರಿಯಾ ತಳಿಯಲ್ಲಿ ಹಸಿರೇ ಹೆಚ್ಚು. ರುಚಿಗೆ ಅದರಿಂದ ಏನೂ ಕೊರತೆಯಿಲ್ಲ. ನಾಲ್ಕೈದು ಎಲೆ ಬಂದಾಗ ಗಟ್ಟಿ ಸಸಿ ಮಾತ್ರ ಉಳಿಸಿಕೊಳ್ಳಿ, ಉಳಿದವುಗಳ ಮೇಲೆ ಮರುಕ ಬೇಡ.

ನೆಲದ ಮಾತಿಗೆ ಬಂದರೆ, ಎರಿ ಮಣ್ಣು ಈ ಗಿಡಕ್ಕೆ ಆಗದು. ಮಳೆಯಲ್ಲಿ ನೀರು ಹಿಡಿದು ಬುಡ ಕೊಳೆಸುತ್ತದೆ, ಬಿಸಿಲಿಗೆ ಬಿರಿದು ಬೇರು ಹರಿಯುತ್ತದೆ. ಅದರ ಕ್ಷಾರಗುಣಕ್ಕೆ ಎಳೆ ಎಲೆಗಳು ನರ ಹಸಿರಾಗಿ ಉಳಿದು ನಡುವೆ ಹಳದಿ ಬೀಳುತ್ತವೆ. ಗದಗ, ನವಲಗುಂದದ ಕಡೆಯವರು ಕುಂಡದಲ್ಲೇ ಬೆಳೆಸುವುದು ಲೇಸು. 45 ಸೆಂ.ಮೀ. ಆಳ-ಅಗಲದ ಚೀಲ ಅಥವಾ ಕುಂಡಕ್ಕೆ ಎರಡು ಪಾಲು ಮಸಾರಿ ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಉಸುಕು. ಒಂದು ಕುಂಡಕ್ಕೆ ಒಂದೇ ಗಿಡ. ಮಸಾರಿ ನೆಲ ಇದ್ದವರು ಏರುಮಡಿ ಮಾಡಿ 60 ಸೆಂ.ಮೀ. ಅಂತರದಲ್ಲಿ ಹಚ್ಚಬಹುದು. ಹಸಿ ಸಗಣಿ ಮಾತ್ರ ಬೇಡ.

ಅಕ್ಟೋಬರಿನಲ್ಲಿ ಸಸಿ ಹಚ್ಚಿ. ಚಿತ್ತಿ ಮಳೆ ಜೋರಿದ್ದರೆ ಕುಂಡವನ್ನು ಸೂರಿನ ಕೆಳಗೆ ಸರಿಸಿ. ಇಲ್ಲಿ ರೂಬಾರ್ಬ್ ಸಾಯುವುದು ಹೆಚ್ಚಾಗಿ ಬುಡಕೊಳೆಯಿಂದ. ಬೆಳಿಗ್ಗೆ ನೆಟ್ಟಗಿದ್ದ ಎಲೆ ಮಧ್ಯಾಹ್ನ ಬಾಡಿ, ಸಂಜೆ ತಂಪಾದರೂ ಏಳಲಿಲ್ಲವೆಂದರೆ ಬುಡದ ಮಣ್ಣು ಸರಿಸಿ ನೋಡಿ. ದಂಟಿನ ಸುತ್ತ ಬಿಳಿ ನೂಲಿನಂಥ ಬೂಷ್ಟು, ಅದರೊಳಗೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಶೇಂಗಾ ಗಿಡ ಕೊಲ್ಲುವ ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಆ ಗಿಡ ಉಳಿಯುವುದಿಲ್ಲ, ಮಣ್ಣಿನ ಸಮೇತ ತೆಗೆದು ದೂರ ಚೆಲ್ಲಿ. ತಿಪ್ಪೆಗೆ ಹಾಕಿದರೆ ಆ ಗುಂಡುಗಳು ಗೊಬ್ಬರದ ಜೊತೆ ಮರಳಿ ಬರುತ್ತವೆ. ಸಸಿ ಹಚ್ಚುವ ಮುಂಚೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸುವುದು, ಶೇಂಗಾ ಬೆಳೆದ ಮಣ್ಣು ತರದಿರುವುದು, ಹೊದಿಕೆಯನ್ನು ಬುಡಕ್ಕೆ ತಾಗದಂತೆ ನಾಲ್ಕು ಬೆರಳು ದೂರ ಹರಡುವುದು, ಇಷ್ಟು ಮುಂಜಾಗ್ರತೆ ಇರಲಿ.

ನೀರು ಬೆರಳಿನ ಎರಡು ಗೆಣ್ಣು ಆಳಕ್ಕೆ ಮಣ್ಣು ಒಣಗಿದಾಗ. 100 ಗ್ರಾಂ ಶೇಂಗಾ ಹಿಂಡಿಯನ್ನು 1 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿ. ಫೆಬ್ರವರಿಯಿಂದ ಮಧ್ಯಾಹ್ನದ ಬಿಸಿಲಿಗೆ 50 ಶೇಕಡಾ ನೆರಳುಪರದೆ ಬೇಕು. ಹೂದಂಟು ಎದ್ದರೆ ಬುಡದಲ್ಲೇ ಮುರಿಯಿರಿ.

ಜನವರಿ ಕೊನೆಯಿಂದ ದಂಟು ಸಿಗುತ್ತದೆ. ಬೆರಳು ದಪ್ಪದ ಹೊರದಂಟನ್ನು ಬುಡದಲ್ಲಿ ಹಿಡಿದು ತುಸು ತಿರುವಿ ಎಳೆಯಿರಿ, ಕೊಯ್ಯಬೇಡಿ, ಉಳಿದ ಮೋಟು ಕೊಳೆಯುತ್ತದೆ. ಒಂದು ಸಲಕ್ಕೆ ಮೂರರಲ್ಲೊಂದು ಪಾಲು ಸಾಕು. ತಿನ್ನುವುದು ದಂಟು ಮಾತ್ರ. ಪುಂಡಿಪಲ್ಲೆಯ ಹುಳಿ ಉಂಡವರಿಗೆ ತೊಪ್ಪಲನ್ನೂ ಬೇಯಿಸುವ ಆಸೆ ಬರಬಹುದು, ಆದರೆ ರೂಬಾರ್ಬ್ ಎಲೆ ಆಕ್ಸಾಲಿಕ್ ಆಮ್ಲ ತುಂಬಿದ ವಿಷ. ದನಕ್ಕೂ ಹಾಕಬೇಡಿ. ಮೂತ್ರಪಿಂಡದ ಕಲ್ಲು ಇದ್ದವರು ದಂಟನ್ನೂ ಬಿಡುವುದು ಒಳ್ಳೆಯದು. ಬೇಯಿಸಲು ಸ್ಟೀಲ್ ಪಾತ್ರೆ ಬಳಸಿ, ಅಲ್ಯುಮಿನಿಯಂ, ತಾಮ್ರ ಬೇಡ.

ಇನ್ನು ಬೇರು. ವಿದೇಶದಿಂದ ಅಂಚೆಯಲ್ಲಿ ತರಿಸುವ ಯೋಚನೆ ಇದ್ದರೆ, ಭಾರತದ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶದ ಪ್ರಕಾರ ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಕೈಗೆ ಬಂದ ಬೇರು ಗಜ್ಜರಿಯಂತೆ ಗಟ್ಟಿ ಇರಬೇಕು, ಉಗುರಿನಿಂದ ಕೆರೆದರೆ ಒಳಗೆ ಹಳದಿ ಕಾಣಬೇಕು. ಮೆತ್ತಗಾಗಿ ನಾರುತ್ತಿದ್ದರೆ ಬಿಸಾಡಿ. ಪಾಲು ಮಾಡುವಾಗ ಪ್ರತಿ ತುಂಡಿಗೂ ಮೊಗ್ಗೊಂದು ಉಳಿಯಲಿ.

ನಿಮ್ಮದೇ ಗಿಡದ ಬೇರನ್ನು ಮಲಗಿಸಬೇಕಾದರೆ ಬೇಸಿಗೆ, ಮಳೆ ಎರಡನ್ನೂ ನೆರಳಿನ ಸೂರಿನಡಿ ದಾಟಿಸಿ, ಆಗಸ್ಟ್‌ನಲ್ಲಿ ಕಿತ್ತು ಎಲೆ ತೆಗೆಯಿರಿ. ಹಿಂಡಿದರೆ ಹನಿ ಬೀಳದಷ್ಟು ತೇವದ ಕೊಕೊಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ಸುತ್ತಿ, ತೂತು ಹೊಡೆದ ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್ಜಿನ 3-4 ಡಿಗ್ರಿಯ ಜಾಗದಲ್ಲಿ ಎಂಟು ವಾರ ಇಡಿ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಬೇಡ, ಹಣ್ಣಿನ ಅನಿಲಕ್ಕೆ ಮೊಗ್ಗು ಕೆಡುತ್ತದೆ. ವಾರಕ್ಕೊಮ್ಮೆ ತೆರೆದು ನೋಡಿ, ಬೂಷ್ಟು ಹಿಡಿದ ಜಾಗ ಕೊಯ್ದು ತೆಗೆಯಿರಿ. ಅಕ್ಟೋಬರಿನಲ್ಲಿ ಹಚ್ಚುವಾಗ ಮೊಗ್ಗಿನ ಮೇಲೆ 2 ಸೆಂ.ಮೀ. ಮಣ್ಣು ಸಾಕು, ಜಿಗುಟು ಮಣ್ಣಾದರೆ ಮೊಗ್ಗು ಮೇಲೆಯೇ ಕಾಣುತ್ತಿರಲಿ. ಮೂರು ವಾರವಾದರೂ ಚಿಗುರು ಕಾಣದಿದ್ದರೆ ಮಣ್ಣು ಕೆದರಿ ಮುಟ್ಟಿ ನೋಡಿ. ಗಟ್ಟಿ ಇದ್ದರೆ ನೀರು ಕಡಿಮೆ ಮಾಡಿ ಕಾಯಿರಿ, ಮೆತ್ತಗಿದ್ದರೆ ಕುಂಡ ಖಾಲಿ ಮಾಡಿ, ಮಿಕ್ಕ ಸಸಿ ಇದ್ದರೆ ಹೊಸ ಮಣ್ಣಿನಲ್ಲಿ ಹಚ್ಚಿ.