ಉರಿಯೂತದ ಎರಡು ಹಂತಗಳನ್ನು ಲ್ಯಾಬಿನಲ್ಲಿ ಬೇರ್ಪಡಿಸಿ ನೋಡಿದ್ದು

ಯಾವುದಾದರೂ ಸಂಯುಕ್ತ ಉರಿಯೂತ ತಗ್ಗಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಹಂತದಲ್ಲಿ ಅಂತ. ಅಪಾಯ ಗೊತ್ತಾದ ಕೂಡಲೇ ಮ್ಯಾಕ್ರೊಫೇಜ್ (ರೋಗಾಣುಗಳನ್ನು ನುಂಗುವ ರೋಗನಿರೋಧಕ ಕೋಶ) ಎಲ್ಲವನ್ನೂ ಒಮ್ಮೆಗೇ ಹೊರಗೆ ಬಿಡುವುದಿಲ್ಲ. ಉರಿಯೂತ ಹಬ್ಬಿಸುವ ಪ್ರೋಟೀನ್ ಇಂಟರ್‌ಲೂಕಿನ್-1 ಬೀಟಾ ಹೊರಬರಲು ಅದಕ್ಕೆ ಎರಡು ಸೂಚನೆ ಬೇಕು.

ನಾನು ಇಲಿಯ ಮೂಳೆಮಜ್ಜೆಯಿಂದ ಮ್ಯಾಕ್ರೊಫೇಜ್ ಬೆಳೆಸುತ್ತೇನೆ. ಅದಕ್ಕೆ ಒಂದು ವಾರ ಹಿಡಿಯುತ್ತದೆ. ಮೊದಲ ಸೂಚನೆಯಾಗಿ ಎಲ್‌ಪಿಎಸ್ ಹಾಕಿ ಮೂರ್ನಾಲ್ಕು ಗಂಟೆ ಬಿಡುತ್ತೇನೆ. ಇದು ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯ ಚೂರು. ಮ್ಯಾಕ್ರೊಫೇಜ್‌ನ ಗ್ರಾಹಕ ಟಿಎಲ್‌ಆರ್4 ಇದನ್ನು ಗುರುತಿಸುತ್ತದೆ. ಆಗ ಉರಿಯೂತದ ಇನ್ನೊಂದು ಪ್ರೋಟೀನ್ ಟಿಎನ್‌ಎಫ್ ಹೊರಬರುತ್ತದೆ. ಇಂಟರ್‌ಲೂಕಿನ್ ಕೂಡ ತಯಾರಾಗುತ್ತದೆ, ಆದರೆ ಕೋಶದೊಳಗೇ ಉಳಿಯುತ್ತದೆ. ಆಮೇಲೆ ಎರಡನೇ ಸೂಚನೆಯಾಗಿ 5 ಮಿಲಿಮೋಲಾರ್ ಎಟಿಪಿ, ಕೋಶಕ್ಕೆ ಶಕ್ತಿ ಒದಗಿಸುವ ಅಣು. ಎಟಿಪಿ ಇರಬೇಕಾದದ್ದು ಕೋಶದ ಒಳಗೆ. ಹೊರಗೆ ಅಷ್ಟೊಂದು ಸಿಕ್ಕರೆ ಪಕ್ಕದ ಕೋಶಗಳು ಒಡೆಯುತ್ತಿವೆ ಅಂತ ಅರ್ಥ, ಅಲ್ವಾ? ಆಗ ಮ್ಯಾಕ್ರೊಫೇಜ್‌ನೊಳಗಿನ ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ. ಕೋಶದೊಳಗಿನ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಎಚ್ಚೆತ್ತು ಇನ್‌ಫ್ಲಮಸೋಮ್ ಎಂಬ ಪ್ರೋಟೀನ್‌ಗಳ ಕೂಟ ಕಟ್ಟುತ್ತದೆ. ಅಲ್ಲಿ ಕ್ಯಾಸ್ಪೇಸ್-1 ಎಂಬ ಕಿಣ್ವ ಸುಮಾರು 31 ಕಿಲೋಡಾಲ್ಟನ್ನಿನ ಇಂಟರ್‌ಲೂಕಿನ್ನನ್ನು 17ಕ್ಕೆ ಕತ್ತರಿಸುತ್ತದೆ. ಗ್ಯಾಸ್ಡರ್ಮಿನ್ ಡಿ ಎಂಬ ಪ್ರೋಟೀನ್ ಕೋಶದ ಪೊರೆಯಲ್ಲಿ ತೂತು ಮಾಡುತ್ತದೆ. ಅಲ್ಲಿಂದ ಇಂಟರ್‌ಲೂಕಿನ್ ಹೊರಗೆ.

ನನ್ನ ಇಡೀ ಕೆಲಸ ನಿಂತಿರುವುದು ಟಿಎನ್‌ಎಫ್, ಇಂಟರ್‌ಲೂಕಿನ್ ಎರಡನ್ನೂ ಜೊತೆಗೆ ಅಳೆಯುವುದರ ಮೇಲೆ. ಪರೀಕ್ಷಿಸಬೇಕಾದ ಸಂಯುಕ್ತವನ್ನು ಒಂದು ಪ್ಲೇಟಿನಲ್ಲಿ ಎಲ್‌ಪಿಎಸ್‌ಗೆ ಮೊದಲು, ಇನ್ನೊಂದರಲ್ಲಿ ಎಲ್‌ಪಿಎಸ್ ಆದ ಮೇಲೆ, ಎಟಿಪಿಗೆ ಮೊದಲು ಹಾಕುತ್ತೇನೆ. ಮೊದಲ ಪ್ಲೇಟಿನಲ್ಲಿ ಟಿಎನ್‌ಎಫ್ ಕೂಡ ಇಳಿದರೆ ಅದು ಮೊದಲ ಸೂಚನೆಯನ್ನೇ ತಡೆಯುತ್ತಿದೆ. ಎರಡನೆಯದರಲ್ಲೂ ಇಂಟರ್‌ಲೂಕಿನ್ ಇಳಿದರೆ ಮಾತ್ರ ಇನ್‌ಫ್ಲಮಸೋಮ್ ಬಗ್ಗೆ ಮಾತಾಡುತ್ತೇನೆ. ಎಟಿಪಿ ಹಾಕುವಾಗ ದ್ರವ ಬದಲಿಸುವುದಾದರೆ ಹಳೆಯದನ್ನು ಎಸೆಯಬೇಡಿ, ಟಿಎನ್‌ಎಫ್ ಇರುವುದು ಅದರಲ್ಲೇ. ಹೋಲಿಕೆಗೆ ಪ್ಲೇಟಿನ ಒಂದು ಬಾವಿಯಲ್ಲಿ (ಕೋಶಗಳನ್ನಿಡುವ ಪುಟ್ಟ ಗುಳಿ) ಹೊರಗಿನ ಪೊಟ್ಯಾಸಿಯಂ ಏರಿಸುತ್ತೇನೆ. ಒಳಗಿನದು ಹೊರಗೆ ಹರಿಯುವುದಿಲ್ಲ, ಇಂಟರ್‌ಲೂಕಿನ್ ನಿಲ್ಲುತ್ತದೆ, ಆಗಲೇ ಬಂದ ಟಿಎನ್‌ಎಫ್ ಹಾಗೇ ಇರುತ್ತದೆ. ಈ ಫಲಿತಾಂಶ ನನಗೆ ಬಹಳ ಇಷ್ಟ.

ದ್ರವದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಎಲೈಸಾ ಒಂದನ್ನೇ ನಾನು ನಂಬುವುದಿಲ್ಲ. ಕೋಶ ಸುಮ್ನೆ ಒಡೆದರೂ ಕತ್ತರಿಸದ ಇಂಟರ್‌ಲೂಕಿನ್ ದ್ರವಕ್ಕೆ ಬರುತ್ತದೆ, ಅನೇಕ ಕಿಟ್‌ಗಳು ಅದನ್ನೂ ಸ್ವಲ್ಪ ಎಣಿಸುತ್ತವೆ. ಅದಕ್ಕೇ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟಿನಲ್ಲಿ 17 ಕಿಲೋಡಾಲ್ಟನ್ನಿನ ಪಟ್ಟಿ ಕಾಣಲೇಬೇಕು.

ಏನೂ ಹಾಕದ ಬಾವಿಯನ್ನು ಎಲ್ಲಕ್ಕಿಂತ ಜಾಸ್ತಿ ಗಮನಿಸಿ. ಅಲ್ಲಿ ಟಿಎನ್‌ಎಫ್ ಕಂಡರೆ ಎಲ್ಲೋ ಎಲ್‌ಪಿಎಸ್ ಸೇರಿಕೊಂಡಿದೆ. ಒತ್ತಡದ ಹಬೆಯಲ್ಲಿ ಕಾಯಿಸುವ ಆಟೋಕ್ಲೇವ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎಲ್‌ಪಿಎಸ್ ಉಳಿದುಬಿಡುತ್ತದೆ. ಗಾಜಿನ ಪಾತ್ರೆಗಳಿಗೆ 250 ಡಿಗ್ರಿ ಸೆಲ್ಸಿಯಸ್ ಒಣ ಬಿಸಿ, ಅರ್ಧ ಗಂಟೆ ಬೇಕು.

ಮನುಷ್ಯರ ರಕ್ತದ ಮಾನೊಸೈಟ್‌ಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಎರಡು ಸೂಚನೆಯ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅವು ಎಲ್‌ಪಿಎಸ್ ಒಂದಕ್ಕೇ ಇಂಟರ್‌ಲೂಕಿನ್ ಬಿಡಬಲ್ಲವು. ಅವುಗಳಲ್ಲಿ ಎಟಿಪಿ ಇಲ್ಲದ ಬಾವಿಗಳನ್ನು ಬೇರೆಯಾಗಿಯೇ ಓದುತ್ತೇನೆ.