ಮೆಕ್ಕಾದಲ್ಲಿ ಹೋಟೆಲ್ ಆಯ್ಕೆ: ಮೀಟರ್ ಅಲ್ಲ, ನಿಮಿಷ ಕೇಳಿ

ಉಮ್ರಾ (ಮೆಕ್ಕಾ ಯಾತ್ರೆ) ಪ್ಯಾಕೇಜ್‌ಗಳ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಒಂದೇ ಸಾಲು: ‘ಹರಮ್‌ನಿಂದ 300 ಮೀಟರ್’. ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ಹರಮ್ ಎಂದರೆ ಕಾಬಾ ಇರುವ ಮಸೀದಿ, ಮಸ್ಜಿದುಲ್ ಹರಾಮ್; ಅದರ ಹೊರ ಅಂಗಳದ ಅಂಚು ಮುಟ್ಟಿದ ಮೇಲೂ ಕಾಬಾದ ಸುತ್ತ ಪ್ರದಕ್ಷಿಣೆ ಹಾಕುವ ಅಂಗಳವಾದ ಮತಾಫ್‌ಗೆ ಸಾಕಷ್ಟು ನಡಿಗೆ ಬಾಕಿ ಇರುತ್ತದೆ. ಹಾಗಾಗಿ ಏಜೆಂಟರನ್ನು ಕೇಳಬೇಕಾದದ್ದು, ಜನಜಂಗುಳಿಯ ಹೊತ್ತಿನಲ್ಲಿ ಕೋಣೆಯಿಂದ ನಮಾಜಿನ ಸಾಲಿಗೆ ಎಷ್ಟು ನಿಮಿಷ ಬೇಕು ಎಂದು.

ಮೊದಲು ಹೋಟೆಲ್‌ನ ಹೆಸರನ್ನು ಬರಹದಲ್ಲಿ ಪಡೆಯಿರಿ. ‘ಅಥವಾ ಅದೇ ದರ್ಜೆಯ ಇನ್ನೊಂದು’ ಎಂದಿದ್ದರೆ ಆ ಇನ್ನೊಂದರ ಹೆಸರನ್ನೂ ಬರೆಸಿಕೊಳ್ಳಿ. ಬಳಿಕ ಮೊಬೈಲ್ ನಕ್ಷೆಯಲ್ಲಿ ಅಲ್ಲಿಂದ ಹರಮ್‌ನ ಕಿಂಗ್ ಅಬ್ದುಲ್ ಅಜೀಜ್ ಬಾಗಿಲಿಗೆ ಅಥವಾ ಕಿಂಗ್ ಫಹದ್ ಬಾಗಿಲಿಗೆ ನಡೆದು ಹೋಗುವ ದಾರಿ ಹುಡುಕಿ.

ದಾರಿಯ ಏರುತಗ್ಗನ್ನು ವಿಚಾರಿಸುವುದು ಮುಂದಿನ ಕೆಲಸ. ಮೆಕ್ಕಾ ಬೆಟ್ಟಗಳ ನಡುವಿನ ಊರು. ಅಜ್ಯಾದ್ ರಸ್ತೆಯ ಮೇಲ್ಭಾಗದಲ್ಲಿ ತಂಗಿದರೆ ಹೋಗುವಾಗ ಇಳಿಜಾರು ಹಿತವೆನಿಸುತ್ತದೆ. ಏಳು ಸುತ್ತು ತವಾಫ್ (ಕಾಬಾ ಪ್ರದಕ್ಷಿಣೆ) ಮುಗಿಸಿ, ಸಫಾ–ಮರ್ವಾ ಗುಡ್ಡಗಳ ನಡುವೆ ಏಳು ಬಾರಿ ನಡೆಯುವ ಸಯೀ ಮಾಡಿ (ಇದೊಂದೇ 3 ಕಿ.ಮೀ. ದಾಟುತ್ತದೆ) ಮರಳುವಾಗ ಅದೇ ದಾರಿ ಏರಾಗಿರುತ್ತದೆ. ಮಂಡಿನೋವಿನವರು, ಗಾಲಿಕುರ್ಚಿ ಬಳಸುವವರು ಜೊತೆಗಿದ್ದರೆ ತುಸು ದೂರವಾದರೂ ಮಟ್ಟಸ ದಾರಿಯ ಹೋಟೆಲ್ಲೇ ಮೇಲು.

ಬಹಳಷ್ಟು ಜನ ಮರೆಯುವ ಸಂಗತಿ ಲಿಫ್ಟ್. 601 ಮೀಟರ್ ಎತ್ತರದ ಗಡಿಯಾರ ಗೋಪುರದ ಹೋಟೆಲ್ ಸಮುಚ್ಚಯ ಕಿಂಗ್ ಅಬ್ದುಲ್ ಅಜೀಜ್ ಬಾಗಿಲ ಎದುರಿಗೇ ಇದೆ. ಆದರೆ ಇಂಥ ಎತ್ತರದ ಕಟ್ಟಡಗಳಲ್ಲಿ ಅಜಾನ್‌ನ ಹೊತ್ತಿಗೆ ಎಲ್ಲ ಮಹಡಿಗಳ ಜನ ಒಟ್ಟಿಗೇ ಇಳಿಯುತ್ತಾರೆ, ನಮಾಜ್ ಮುಗಿದೊಡನೆ ಒಟ್ಟಿಗೇ ಏರುತ್ತಾರೆ. ಕಾಬಾ ಕಾಣುವ ಕೋಣೆಗೆ ಹೆಚ್ಚು ಹಣ ಕೊಡುವುದಕ್ಕಿಂತ ಕೆಳಗಿನ ಮಹಡಿಯ ಕೋಣೆ ಕೇಳಿ ಪಡೆಯುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಕಿಟಕಿಯ ಬಳಿ ಕೂರಲು ಯಾತ್ರಿಕರಿಗೆ ಪುರುಸೊತ್ತಾದರೂ ಎಲ್ಲಿ?

ಅಜೀಜಿಯಾದಂಥ ದೂರದ ಬಡಾವಣೆಗಳಲ್ಲಿ ಬಾಡಿಗೆ ಕಡಿಮೆ, ಓಡಾಟ ಬಸ್‌ನಲ್ಲಿ. ಬಸ್ ರಾತ್ರಿಯೂ ಇದೆಯೇ, ಎಲ್ಲಿ ಇಳಿಸುತ್ತದೆ ಎಂದು ಕೇಳಿ. ನಮಾಜಿನ ಹೊತ್ತಿನಲ್ಲಿ ಹರಮ್ ಸುತ್ತಲಿನ ರಸ್ತೆಗಳಿಗೆ ವಾಹನ ಬಿಡದಿರುವುದುಂಟು. ನಾಲ್ಕೈದು ದಿನಕ್ಕಷ್ಟೇ ಹೋಗುವವರಿಗೆ ಈ ಉಳಿತಾಯ ದುಬಾರಿ.

ದರ ನೋಡುವಾಗ ಶೇ 15ರ ವ್ಯಾಟ್ ಸೇರಿದೆಯೇ, ಒಂದು ಕೋಣೆಗೆ ಎಷ್ಟು ಜನ ಎಂಬುದು ಸ್ಪಷ್ಟವಾಗಲಿ. ರಂಜಾನ್‌ನ ಕೊನೆಯ ಹತ್ತು ದಿನ ಬೆಲೆ ಗಗನಕ್ಕೇರುತ್ತದೆ.

ಮದೀನಾದಲ್ಲಿ ಲೆಕ್ಕವೇ ಬೇರೆ. ಅಲ್ಲಿನ ಪ್ರವಾದಿಯವರ ಮಸೀದಿ, ಮಸ್ಜಿದುನ್ನಬವಿಯ ಸುತ್ತ ನೆಲ ಸಮತಟ್ಟು, ಆದ್ದರಿಂದ ಅಲ್ಲಿ ನೋಡಬೇಕಾದದ್ದು ದಿಕ್ಕು. ಮಹಿಳೆಯರು ನಮಾಜ್ ಮಾಡುವ ಭಾಗ ಉತ್ತರದ ಕಡೆಗಿದೆ. ತಂಡದಲ್ಲಿ ಮಹಿಳೆಯರಿದ್ದರೆ ಉತ್ತರ ಮರ್ಕಝಿಯಾದ (ಮಸೀದಿಯ ಉತ್ತರಕ್ಕಿರುವ ಹೋಟೆಲ್‌ಗಳ ಪ್ರದೇಶ) ಹೋಟೆಲ್ ಹುಡುಕಿ. ರೌಝಾ (ಆ ಮಸೀದಿಯೊಳಗೆ ಪ್ರವಾದಿಯವರ ಸಮಾಧಿಯ ಪಕ್ಕದ ಪವಿತ್ರ ಜಾಗ) ಭೇಟಿಗೆ ಸೌದಿ ಸರ್ಕಾರದ ನುಸುಕ್ ಆ್ಯಪ್‌ನಲ್ಲಿ ಸಮಯ ಕಾಯ್ದಿರಿಸಬೇಕಾಗಿರುವುದರಿಂದ, ಹೋಟೆಲ್‌ನ ವೈಫೈ ಹೇಗಿದೆ ಎಂದೂ ಒಂದು ಮಾತು ಕೇಳಿಡಿ.